ಕಾಡಂಚಿನ ತಾಂಡಾ: ಬದಲಾವಣೆಯ ಕಥನ ಮತ್ತು ದಾಖಲೆಯ ಪ್ರಶ್ನೆ

1

ಕಾಡನ್ನು ಆಶ್ರಯಿಸಿ ಬದುಕುವ ಗ್ರಾಮೀಣ ಸಮುದಾಯಗಳ ಸಾಮಾಜಿಕ, ಆರ್ಥಿಕ ಸ್ಥಿತ್ಯಂತರವನ್ನು ಕುರಿತ ಕನ್ನಡದ ಅಧ್ಯಯನಗಳು ಬಹುಮಟ್ಟಿಗೆ ಎರಡು ನಿಲುವುಗಳ ನಡುವೆ ಓಲಾಡುತ್ತ ಬಂದಿವೆ. ಕಾಡಿನಲ್ಲಿದ್ದವರು ಶಿಕ್ಷಣ, ರಸ್ತೆ, ಮೀಸಲಾತಿಗಳ ನೆರವಿನಿಂದ ಮುಖ್ಯವಾಹಿನಿಗೆ ಬಂದರು ಎಂಬುದು ಒಂದು ನಿಲುವು. ಅದೇ ರಸ್ತೆ, ಅದೇ ಶಿಕ್ಷಣ ಅವರ ವಿಶಿಷ್ಟ ಸಂಸ್ಕೃತಿಯನ್ನು ನುಂಗಿಹಾಕಿದವು ಎಂಬುದು ಇನ್ನೊಂದು. ಮೊದಲನೆಯದು ಅಭಿವೃದ್ಧಿಯ ಕಥನ, ಎರಡನೆಯದು ನಾಶದ ಕಥನ. ಮೇಲ್ನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವ ಇವೆರಡೂ ಒಂದು ಗ್ರಹಿಕೆಯನ್ನು ಹಂಚಿಕೊಂಡಿವೆ. ಸಮುದಾಯಕ್ಕೆ ಕಾಡಿನೊಳಗೆ ಬದಲಾಗದ ಒಂದು ಮೂಲಸ್ಥಿತಿ ಇತ್ತು, ಅಲ್ಲಿಂದ ಹೊರಟ ಪಯಣ ಒಂದೇ ದಿಕ್ಕಿನಲ್ಲಿ ಸಾಗಿತು ಎಂಬುದೇ ಆ ಗ್ರಹಿಕೆ.

ಕಲಬುರಗಿ ಜಿಲ್ಲೆಯ ಕಮಲಾಪುರ ಹಾಗೂ ಚಿಂಚೋಳಿ ಭಾಗದ ಲಂಬಾಣಿ ತಾಂಡಾಗಳ ಚರಿತ್ರೆಯನ್ನು ಗಮನಿಸಿದರೆ ಈ ಗ್ರಹಿಕೆ ನಿಲ್ಲುವುದಿಲ್ಲ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಸುಮಾರು 35 ಕಿಲೋಮೀಟರ್ ದೂರದಲ್ಲಿ ಕಮಲಾಪುರವಿದೆ. ತೊಗರಿ ಬೆಳೆಯುವ ಎರೆಭೂಮಿ ಹಿಂದೆ ಸರಿದು, ಬೀದರಿನ ಪ್ರಸ್ಥಭೂಮಿಗೆ ಸೇರಿದ ಕೆಂಪು ಜಂಬಿಟ್ಟಿಗೆಯ ಗುಡ್ಡಗಳು ಇಲ್ಲಿ ತಲೆಯೆತ್ತುತ್ತವೆ. ಪೂರ್ವಕ್ಕೆ ಚಿಂಚೋಳಿಯ ಒಣ ಎಲೆಯುದುರುವ ಕಾಡು ತೆಲಂಗಾಣದ ಗಡಿಯವರೆಗೂ ಹಬ್ಬಿದೆ. ಅರಣ್ಯ ಅತಿ ಕಡಿಮೆಯಿರುವ ಈ ಜಿಲ್ಲೆಯಲ್ಲಿ ಆ ಕಾಡಿನ ಸುಮಾರು 134 ಚದರ ಕಿಲೋಮೀಟರ್ ಪ್ರದೇಶವನ್ನು 2011ರಲ್ಲಿ ವನ್ಯಜೀವಿ ಧಾಮವೆಂದು ಘೋಷಿಸಲಾಯಿತು. ಈ ಗುಡ್ಡ-ಕಾಡುಗಳ ಒಳಗೂ ಅಂಚಿನಲ್ಲೂ ತಾಂಡಾಗಳಿವೆ. ಇಲ್ಲಿಯ ಲಂಬಾಣಿಗರು ಕಾಡಿನಿಂದ ನಾಡಿಗೆ ಬಂದವರಲ್ಲ. ದೇಶದ ಹೆದ್ದಾರಿಗಳಿಂದ ಕಾಡಿಗೆ ಸರಿದವರು. ಕಾಡಂಚಿನ ಬದುಕು ಅವರಿಗೆ ಚರಿತ್ರೆಯ ಒಂದು ಘಟ್ಟದಲ್ಲಿ ಒದಗಿದ ಆಸರೆ.

ಈ ಸ್ಥಿತ್ಯಂತರದ ಪ್ರತಿ ಘಟ್ಟದಲ್ಲಿಯೂ ಸಮುದಾಯದ ಬದುಕನ್ನು ನಿರ್ಧರಿಸಿದ್ದು ಅದರ ದುಡಿಮೆಯಷ್ಟೇ ಅಲ್ಲ, ಅದರ ಬಗೆಗೆ ಇನ್ನೊಬ್ಬರು ಬರೆದಿಟ್ಟ ಅಥವಾ ಬರೆದಿಡದೆ ಹೋದ ದಾಖಲೆ ಕೂಡ. ಅಂಥ ದಾಖಲೆಯನ್ನು ಸೃಷ್ಟಿಸುವ ಸಾಮರ್ಥ್ಯ ಇಂದು ಕನ್ನಡ ವಿಭಾಗಗಳ ಕೈಯಲ್ಲಿಯೂ ಇದೆ. ಅದನ್ನು ಅವು ಅರಿತು ಬಳಸುತ್ತಿವೆಯೇ ಎಂಬುದು ಇಲ್ಲಿ ಎತ್ತಬೇಕಾದ ಪ್ರಶ್ನೆ.

2

ಬಂಜಾರರು ಎತ್ತುಗಳ ಹಿಂಡಿನ ಮೇಲೆ ಧಾನ್ಯ, ಉಪ್ಪು ಮೊದಲಾದವನ್ನು ಹೇರಿಕೊಂಡು ದಖ್ಖನಿನ ಉದ್ದಗಲಕ್ಕೆ ಸಂಚರಿಸಿದ ಸಾಗಣೆದಾರರು. ಮೊಘಲರ ಸೈನ್ಯಗಳಿಗೂ 1803ರ ಮರಾಠಾ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯಕ್ಕೂ ಧಾನ್ಯ ಒದಗಿಸಿದವರಲ್ಲಿ ಇವರು ಮುಖ್ಯರು. ತಾಂಡಾ ಎಂಬ ಶಬ್ದ ಆಗ ಊರನ್ನು ಸೂಚಿಸುತ್ತಿರಲಿಲ್ಲ. ಚಲಿಸುವ ಸಾರ್ಥವನ್ನು ಸೂಚಿಸುತ್ತಿತ್ತು. ನಾಯಕ, ಕಾರಭಾರಿ ಎಂಬ ಹುದ್ದೆಗಳು ಆ ಸಂಚಾರಿ ವ್ಯಾಪಾರದ ಅಗತ್ಯದಿಂದ ರೂಪುಗೊಂಡವು.

1871 ಈ ಸಮುದಾಯದ ಚರಿತ್ರೆಯಲ್ಲಿ ಎರಡು ಕಾರಣಗಳಿಗಾಗಿ ಗಮನಾರ್ಹವಾದ ವರ್ಷ. ಮುಂಬಯಿಯಿಂದ ಬಂದ ರೈಲು ಮಾರ್ಗ ಕಲಬುರಗಿಯನ್ನು ಹಾದು, ಮದ್ರಾಸಿನ ಕಡೆಯಿಂದ ಬಂದ ಮಾರ್ಗವನ್ನು ರಾಯಚೂರಿನಲ್ಲಿ ಕೂಡಿಕೊಂಡದ್ದು ಆ ವರ್ಷ. ಎತ್ತಿನ ಬೆನ್ನಿನ ಸಾಗಣೆಗೆ ಇದ್ದ ಬೇಡಿಕೆ ಅಲ್ಲಿಂದ ಮುಂದೆ ಕುಗ್ಗುತ್ತ ಹೋಯಿತು. ಬ್ರಿಟಿಷ್ ಸರ್ಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ಜಾರಿಗೆ ತಂದದ್ದೂ ಅದೇ ವರ್ಷ. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಆ ಕಾಯ್ದೆ 1911ರಲ್ಲಿ ಮದ್ರಾಸ್ ಪ್ರಾಂತ್ಯಕ್ಕೂ ವಿಸ್ತರಣೆಯಾಯಿತು. ಅದು ರದ್ದಾದದ್ದು 1952ರಲ್ಲಿ. ಸಂಚಾರವನ್ನೇ ಸಂಶಯದಿಂದ ನೋಡುವ ಆಡಳಿತದ ದೃಷ್ಟಿಗೆ ಅದು ಶಾಸನದ ಬಲ ಕೊಟ್ಟಿತು. ವ್ಯಾಪಾರ ತಪ್ಪಿದ, ಸಂಚಾರ ಕಷ್ಟವಾದ ಜನ ದನಗಳಿಗೆ ಮೇವು ನೀರು ಸಿಗುವ ಗುಡ್ಡಗಾಡಿನ ಅಂಚುಗಳಲ್ಲಿ ನೆಲೆ ನಿಂತರು. ಹಳೆಯ ಊರುಗಳ ಒಳಗೆ ಅವರಿಗೆ ಸ್ಥಳವಿರಲಿಲ್ಲ. ಊರಿಗೂ ಕಾಡಿಗೂ ನಡುವಿನ ಜಾಗ ಮಾತ್ರ ಉಳಿದಿತ್ತು.

ಹೀಗೆ ನೆಲೆ ನಿಂತ ಮೇಲೆ ಜೀವನಾಧಾರಗಳು ಬೇರೆಯಾದವು. ದನಸಾಕಣೆ, ಸೌದೆ ಹಾಗೂ ಕಾಡಿನ ಉತ್ಪನ್ನಗಳ ಮಾರಾಟ, ಮರ ಕಡಿಯುವ ಕೂಲಿ, ಗುಡ್ಡದ ಇಳಿಜಾರಿನಲ್ಲಿ ಮಳೆಯಾಶ್ರಿತ ಜೋಳ, ತೊಗರಿಗಳ ಬೇಸಾಯ, ಊರಿನ ಸಾಹುಕಾರರ ಹೊಲದ ದುಡಿಮೆ ಇವೆಲ್ಲ ಕೂಡಿ ಒಂದು ಮಿಶ್ರ ಆರ್ಥಿಕತೆ ಬೆಳೆಯಿತು. ನಿಜಾಮ್ ಆಡಳಿತದ ಅರಣ್ಯ ಕಾನೂನುಗಳು ಕಾಡಿಗೆ ಗಡಿ ಹಾಕುತ್ತ ಬಂದವು. 1355 ಫಸಲಿಯ, ಎಂದರೆ 1945-46ರ ಸುಮಾರಿನ, ಹೈದರಾಬಾದ್ ಅರಣ್ಯ ಕಾಯ್ದೆ, 1963ರ ಕರ್ನಾಟಕ ಅರಣ್ಯ ಕಾಯ್ದೆ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಇವುಗಳ ಸಾಲಿನಲ್ಲಿ ತಾಂಡಾದ ಹೊಲ ಕಾಗದದ ಮೇಲೆ ಅರಣ್ಯಭೂಮಿಯಾಗಿಯೇ ಉಳಿಯಿತು. ಉತ್ತವನು ಒತ್ತುವರಿದಾರನಾದನು.

ದನ ಮೇಯಿಸಿದ ಗುಡ್ಡ ಮೀಸಲು ಅರಣ್ಯವಾಗಿ, ಸೌದೆ ತಂದ ಹೆಂಗಸು ಅಪರಾಧಿಯಾಗಿ, ಮನೆ ಕಟ್ಟಿದ ನೆಲ ಸರ್ಕಾರಿ ಗಾಯರಾಣವಾಗಿ ಬದಲಾದದ್ದು ಲೇಖನಿಯ ತುದಿಯಲ್ಲಿ. ತಾಂಡಾದ ಆರ್ಥಿಕ ಚರಿತ್ರೆಯನ್ನು ಬರೆಯುವವರು ಮಳೆ ಬೆಳೆಗಳ ಲೆಕ್ಕದಷ್ಟೇ ಕಾಳಜಿಯಿಂದ ಈ ವರ್ಗೀಕರಣಗಳ ಚರಿತ್ರೆಯನ್ನೂ ಬರೆಯಬೇಕಾಗುತ್ತದೆ.

3

ಕಳೆದ ಐದು ದಶಕಗಳ ಬದಲಾವಣೆ ಇನ್ನೂ ಸಂಕೀರ್ಣವಾದುದು. ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ಲಂಬಾಣಿಗರು ಮೊದಲು ಹಳೆಯ ಮೈಸೂರು ಭಾಗಕ್ಕೆ ಮಾತ್ರ ಸೇರಿದ್ದರು. 1976ರ ತಿದ್ದುಪಡಿ ಕಾಯ್ದೆ ಪ್ರದೇಶಮಿತಿಯನ್ನು ತೆಗೆದುಹಾಕಿ 1977ರಲ್ಲಿ ಜಾರಿಗೆ ಬಂದಾಗ ಹೈದರಾಬಾದ್ ಕರ್ನಾಟಕದ ಲಂಬಾಣಿಗರಿಗೂ ಆ ಸ್ಥಾನ ದೊರೆಯಿತು. ವಸತಿ ನಿಲಯ, ವಿದ್ಯಾರ್ಥಿವೇತನ, ಉದ್ಯೋಗ ಮೀಸಲಾತಿಗಳ ಮೂಲಕ ತಾಂಡಾದಿಂದ ಶಿಕ್ಷಕರು, ಪೊಲೀಸರು, ಅಧಿಕಾರಿಗಳು, ಅಧ್ಯಾಪಕರು, ಜನಪ್ರತಿನಿಧಿಗಳು ಬಂದರು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಸ್ಥಾಪನೆ, ಸಂವಿಧಾನದ 371ಜೆ ವಿಧಿಯಡಿ 2013ರಿಂದ ದೊರೆತ ಪ್ರಾದೇಶಿಕ ಮೀಸಲಾತಿ, 2009ರಲ್ಲಿ ಆರಂಭವಾದ ತಾಂಡಾ ಅಭಿವೃದ್ಧಿ ನಿಗಮ ಇವು ಈ ಪಯಣದ ಮೈಲುಗಲ್ಲುಗಳು.

ಆದರೆ ಇದೇ ಅವಧಿಯಲ್ಲಿ ಗುಳೆ ತಾಂಡಾದ ಬದುಕಿನ ವಾರ್ಷಿಕ ಲಯವೇ ಆಗಿಹೋಯಿತು. ಸುಗ್ಗಿ ಮುಗಿದೊಡನೆ ಮುಂಬಯಿ, ಪುಣೆ, ಹೈದರಾಬಾದುಗಳ ಕಟ್ಟಡ ಕೆಲಸಕ್ಕೋ, ಮುಕಾದಮನಿಂದ ಮುಂಗಡ ಪಡೆದು ಮಹಾರಾಷ್ಟ್ರದ ಕಬ್ಬಿನ ಗದ್ದೆಗಳಿಗೋ ಕುಟುಂಬಗಳು ಹೊರಡುತ್ತವೆ. ಮನೆಯಲ್ಲಿ ಮುದುಕರು, ಕೆಲವೊಮ್ಮೆ ಶಾಲೆಗೆ ಹೋಗುವ ಮಕ್ಕಳು ಉಳಿಯುತ್ತಾರೆ. ಗುಳೆಯ ಹಣದಿಂದ ಸಿಮೆಂಟಿನ ಮನೆ ಕಟ್ಟಲಾಗುತ್ತದೆ, ಮದುವೆಗಳು ನಡೆಯುತ್ತವೆ, ಸಾಲ ತೀರುತ್ತದೆ, ಹೊಸ ಸಾಲ ಹುಟ್ಟುತ್ತದೆ. ಕಾಡಿನ ಮೇಲಿನ ಅವಲಂಬನೆ ಕಡಿಮೆಯಾಯಿತು ಎಂದು ಇದನ್ನು ಅರ್ಥೈಸುವುದುಂಟು. ಅದು ಅರೆಸತ್ಯ. ಗುಳೆ ಹೋಗುವವರು ಹಿಂತಿರುಗಿ ಬರುವುದು ಕಾಡಂಚಿನ ಹೊಲ ಮನೆಗಳಿಗೇ. 2020ರ ಬೇಸಿಗೆಯಲ್ಲಿ ಕೋವಿಡ್ ಲಾಕ್‌ಡೌನಿನ ನಡುವೆ ಮಹಾರಾಷ್ಟ್ರದಿಂದ ಸಾವಿರಾರು ಕೂಲಿಕಾರರು ಕಲಬುರಗಿ ಜಿಲ್ಲೆಯ ತಾಂಡಾಗಳಿಗೆ ಮರಳಿದಾಗ ಈ ಸಂಗತಿ ಎಲ್ಲರ ಕಣ್ಣಿಗೂ ಬಿದ್ದಿತು. ದಶಕಗಟ್ಟಲೆ ದುಡಿದ ಮಹಾನಗರ ಆಸರೆ ಕೊಡಲಿಲ್ಲ. ಪಹಣಿಯಿಲ್ಲದ ತಾಂಡಾ ಕೊಟ್ಟಿತು. ಸ್ಥಿತ್ಯಂತರ ಒಂದೇ ದಿಕ್ಕಿನದು ಎಂಬ ಕಥನಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಕಮಲಾಪುರದ ಆಧುನಿಕ ಚರಿತ್ರೆಯಲ್ಲಿಯೇ ಇದರ ವೈಪರೀತ್ಯಗಳು ಕಾಣುತ್ತವೆ. ಕಮಲಾಪುರ 2018ರಲ್ಲಿ ತಾಲ್ಲೂಕು ಕೇಂದ್ರವಾಯಿತು. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗ ಇದೇ ಗುಡ್ಡಗಳ ನಡುವೆ, ಮರಗುತ್ತಿಯ ಬಳಿಯ ಸುರಂಗದ ಮೂಲಕ ಹಾದುಹೋಗುತ್ತದೆ. ಇಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಈ ಹಣ್ಣಿನ ಗುಣ ಈ ಮಣ್ಣಿನಿಂದಲೇ ಬಂದದ್ದು ಎಂದು ದೃಢಪಡಿಸುವ ದಾಖಲೆಯದು. ಅದೇ ಸೀಮೆಯ ಗುಡ್ಡಗಳಲ್ಲಿ ತಲೆಮಾರುಗಳಿಂದ ದುಡಿದವರಿಗೂ ಆ ಮಣ್ಣಿಗೂ ಇರುವ ಸಂಬಂಧವನ್ನು ದೃಢಪಡಿಸುವ ಕಾಗದ ಮಾತ್ರ ಅನೇಕ ಮನೆಗಳಲ್ಲಿಲ್ಲ.

4

ಈ ಕೊರತೆಯನ್ನು ತುಂಬುವ ಪ್ರಯತ್ನಗಳು ನಡೆದಿಲ್ಲವೆಂದಲ್ಲ. ತಾಂಡಾ, ಗೊಲ್ಲರಹಟ್ಟಿ ಮೊದಲಾದ ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮಗಳಾಗಿ ಪರಿವರ್ತಿಸುವ ಕಾರ್ಯ ಕರ್ನಾಟಕದಲ್ಲಿ ನಡೆದಿದೆ. 2023ರ ಜನವರಿ 19ರಂದು ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್, ವಿಜಯಪುರ ಜಿಲ್ಲೆಗಳ ಐವತ್ತು ಸಾವಿರಕ್ಕೂ ಹೆಚ್ಚು ಫಲಾನುಭವಿಗಳಿಗೆ ಪ್ರಧಾನಮಂತ್ರಿಗಳು ಹಕ್ಕುಪತ್ರಗಳನ್ನು ವಿತರಿಸಿದರು. ಈ ಐದು ಜಿಲ್ಲೆಗಳಲ್ಲಿ ಹೊಸ ಕಂದಾಯ ಗ್ರಾಮಗಳೆಂದು ಘೋಷಿತವಾದ ಜನವಸತಿಗಳ ಸಂಖ್ಯೆ ಸುಮಾರು 1475. ಇದು ಸಣ್ಣ ಸಂಗತಿಯಲ್ಲ. ಆದರೆ ಈ ಹಕ್ಕುಪತ್ರ ಮನೆಯ ಅಡಿಯ ನೆಲಕ್ಕೆ ಸಂಬಂಧಿಸಿದ್ದು. ಮನೆಯ ಹಿಂದಿನ ಗುಡ್ಡದ ಹೊಲ, ದನ ಮೇಯುವ ಜಾಗ, ಸೀತಾಫಲ, ಮುತ್ತುಗದ ಎಲೆ, ಬೀಡಿ ಎಲೆ ತರುವ ಕಾಡು ಇವುಗಳ ಪ್ರಶ್ನೆ ಬೇರೆ ಕಾನೂನಿನದು.

ಆ ಕಾನೂನು 2006ರ ಅರಣ್ಯ ಹಕ್ಕುಗಳ ಮಾನ್ಯತಾ ಕಾಯ್ದೆ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಅರಣ್ಯಭೂಮಿಯ ಸ್ವಾಧೀನದಲ್ಲಿರುವವರಿಗೆ ಹಕ್ಕನ್ನು ಮಾನ್ಯ ಮಾಡುವ ಈ ಕಾಯ್ದೆ ಅರ್ಜಿದಾರರಲ್ಲಿ ಎರಡು ವರ್ಗ ಮಾಡುತ್ತದೆ. ಮೊದಲನೆಯದು ಅರಣ್ಯವಾಸಿ ಪರಿಶಿಷ್ಟ ಪಂಗಡ, ಎರಡನೆಯದು ಇತರ ಪಾರಂಪರಿಕ ಅರಣ್ಯವಾಸಿಗಳು. ಎರಡನೆಯ ವರ್ಗದವರು ಆ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ಎಂದರೆ 75 ವರ್ಷ, ಆ ಕಾಡಿನಲ್ಲಿ ನೆಲೆಸಿ ಅದನ್ನು ಅವಲಂಬಿಸಿದ್ದರೆಂದು ತೋರಿಸಬೇಕು. ಕರ್ನಾಟಕದ ಲಂಬಾಣಿಗರು ಪರಿಶಿಷ್ಟ ಜಾತಿಯವರಾದ್ದರಿಂದ ಎರಡನೆಯ ವರ್ಗಕ್ಕೆ ಸೇರುತ್ತಾರೆ. ಚಿಂಚೋಳಿಯ ಕುಂಚಾವರಂ ಕಾಡನ್ನು ದಾಟಿದರೆ ತೆಲಂಗಾಣ. ಅಲ್ಲಿಯ ಲಂಬಾಡಿಗಳು ಪರಿಶಿಷ್ಟ ಪಂಗಡದವರು. 75 ವರ್ಷಗಳ ಪುರಾವೆಯ ಭಾರ ಅವರ ಮೇಲಿಲ್ಲ. ರಾಠೋಡ, ಪವಾರ, ಚವ್ಹಾಣ, ಜಾಧವ ಎಂಬ ಗೋತ್ರಗಳೂ ಭಾಷೆಯೂ ಎರಡೂ ಕಡೆ ಒಂದೇ. 1956ರವರೆಗೆ ಎರಡೂ ಕಡೆಯ ಜನ ಹೈದರಾಬಾದ್ ಎಂಬ ಒಂದೇ ರಾಜ್ಯದ ಪ್ರಜೆಗಳು. ಅವರನ್ನು ಬೇರೆ ಬೇರೆ ಪಟ್ಟಿಗಳಲ್ಲಿ ನಿಲ್ಲಿಸಿದ್ದು 1976ರ ಆ ತಿದ್ದುಪಡಿ ಕಾಯ್ದೆಯೇ. ಆಂಧ್ರ ಭಾಗದ ಪಂಗಡದ ಸ್ಥಾನವನ್ನು ಅದು ತೆಲಂಗಾಣಕ್ಕೂ ಮೈಸೂರು ಭಾಗದ ಜಾತಿಯ ಸ್ಥಾನವನ್ನು ಕಲಬುರಗಿಗೂ ವಿಸ್ತರಿಸಿತು. ಒಂದೇ ಶಾಸನದ ಫಲವಾಗಿ ಒಂದೇ ಕಾಡಿನ ಎರಡು ಮಗ್ಗುಲಲ್ಲಿ ಬೇರೆ ಬೇರೆ ಪುರಾವೆಗಳ ಅಗತ್ಯ ಹುಟ್ಟಿತು.

ಲೆಕ್ಕ ಹಾಕಿದರೆ ಈ 75 ವರ್ಷ 1930ಕ್ಕೆ ಹೋಗಿ ನಿಲ್ಲುತ್ತದೆ. ಅದು ಮೀರ್ ಉಸ್ಮಾನ್ ಅಲಿ ಖಾನರ ಆಳ್ವಿಕೆಯ ಕಾಲ. ಆಡಳಿತದ ಕಾಗದಪತ್ರಗಳು ಉರ್ದುವಿನಲ್ಲಿದ್ದವು. ಜಹಗೀರು, ಪಾಯಗಾಗಳ ಲೆಕ್ಕ ಬೇರೆ ಬೇರೆ ಕಡೆ ಹಂಚಿಹೋಗಿತ್ತು. ಅಕ್ಷರ ತಿಳಿಯದ, ಊರಿನ ಲೆಕ್ಕಕ್ಕೆ ಸೇರದ ತಾಂಡಾದವರು ಆ ಕಾಲದ ಕಾಗದವನ್ನು ಎಲ್ಲಿಂದ ತರಬೇಕು? 2019ರ ಫೆಬ್ರುವರಿ 13ರಂದು ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸುವಂತೆ ಸರ್ವೋಚ್ಚ ನ್ಯಾಯಾಲಯ ಆದೇಶಿಸಿ, ಅದೇ ತಿಂಗಳ 28ರಂದು ಆ ಆದೇಶವನ್ನು ತಡೆಹಿಡಿದದ್ದನ್ನು ನೆನೆದರೆ ಈ ಪ್ರಶ್ನೆಯ ಗಾಂಭೀರ್ಯ ತಿಳಿಯುತ್ತದೆ. ಇಲ್ಲಿ ಪುರಾವೆಯ ಅಭಾವವೆಂದರೆ ಹೊಲದ ಅಭಾವ.

5

ಕನ್ನಡ ಸಂಶೋಧನೆಗೂ ಇದಕ್ಕೂ ಏನು ಸಂಬಂಧ ಎಂದು ಕೇಳಬಹುದು. ಅದಕ್ಕೆ ಉತ್ತರ ಆ ಕಾಯ್ದೆಯಡಿ 2008ರಲ್ಲಿ ರೂಪಿಸಿದ ನಿಯಮಗಳಲ್ಲಿಯೇ ಇದೆ. ಯಾವುದನ್ನು ಸಾಕ್ಷ್ಯವೆಂದು ಪರಿಗಣಿಸಬಹುದೆಂದು ಹೇಳುವ 13ನೆಯ ನಿಯಮ ಸರ್ಕಾರಿ ಕಾಗದಗಳನ್ನಷ್ಟೇ ಪಟ್ಟಿ ಮಾಡುವುದಿಲ್ಲ. ಮನೆ, ಒಡ್ಡು, ಸಮತಟ್ಟು ಮಾಡಿದ ನೆಲ. ಬಾವಿ, ಸ್ಮಶಾನ, ಪವಿತ್ರ ಸ್ಥಳಗಳಂಥ ಪ್ರಾಚೀನತೆಯ ಗುರುತುಗಳು. ಹಿಂದಿನ ನಿವಾಸಿಗಳವರೆಗೆ ಬೇರು ತೋರಿಸುವ ವಂಶಾವಳಿ. ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದ್ದು ಇವೆಲ್ಲ ಆ ಪಟ್ಟಿಯಲ್ಲಿವೆ. ಪ್ರತಿಷ್ಠಿತ ಸಂಸ್ಥೆಗಳು ನಡೆಸಿದ ಸಂಶೋಧನ ಅಧ್ಯಯನಗಳು, ರೂಢಿ ಸಂಪ್ರದಾಯಗಳ ದಾಖಲೀಕರಣ ಕೂಡ ಅಲ್ಲಿವೆ. ಇಂಥ ಸಾಕ್ಷ್ಯಗಳಲ್ಲಿ ಒಂದಕ್ಕಿಂತ ಹೆಚ್ಚನ್ನು ಪರಿಗಣಿಸಬೇಕೆಂದು ನಿಯಮ ಹೇಳುತ್ತದೆ. ನಿರ್ದಿಷ್ಟ ಬಗೆಯ ಕಾಗದವೇ ಬೇಕೆಂದು ಸಮಿತಿಗಳು ಪಟ್ಟು ಹಿಡಿಯಬಾರದೆಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿದೆ.

ಈ ಪಟ್ಟಿಯನ್ನು ಓದುವ ಯಾವ ಜಾನಪದ ವಿದ್ಯಾರ್ಥಿಗಾದರೂ ಅದು ಪರಿಚಿತವೆನಿಸುತ್ತದೆ. ಹಿರಿಯರ ಮಾತು, ವಂಶಾವಳಿ, ಪವಿತ್ರ ಸ್ಥಳ, ರೂಢಿ ಸಂಪ್ರದಾಯ ಇವು ಕ್ಷೇತ್ರಕಾರ್ಯದ ಅಧ್ಯಾಯಗಳ ಹೆಸರುಗಳೇ. ಲಂಬಾಣಿ ಸಂಸ್ಕೃತಿಯನ್ನು ಕುರಿತು ಪಿ.ಕೆ. ಖಂಡೋಬಾ, ಡಿ.ಬಿ. ನಾಯಕ ಮೊದಲಾದವರು ಕನ್ನಡದಲ್ಲಿ ಗಂಭೀರವಾದ ಅಧ್ಯಯನಗಳನ್ನು ನಡೆಸಿದ್ದಾರೆ. ಅವರ ದಾರಿಯಲ್ಲಿ ಅನೇಕ ವಿಶ್ವವಿದ್ಯಾಲಯಗಳಲ್ಲಿ ಎಂ.ಫಿಲ್., ಪಿಎಚ್.ಡಿ. ಪ್ರಬಂಧಗಳು ಬಂದಿವೆ. ಹೋಳಿಯ ಲೇಂಗಿ ಹಾಡು, ತೀಜ್ ಹಬ್ಬದ ಹಾಡು, ಮದುಮಗಳ ಅಳುವಿನ ಹಾಡು, ಸೇವಾಲಾಲರ ಕಥನ, ಉಡುಪು, ಕಸೂತಿ ಇವೆಲ್ಲ ಸಂಗ್ರಹವಾಗಿವೆ.

ಆದರೆ ಸಂಗ್ರಹದ ಕ್ರಮದಲ್ಲಿ ಒಂದು ಮುಖ್ಯ ಲೋಪ ಉಳಿದುಬಂದಿದೆ. ಹಾಡು ಸಮುದಾಯದ್ದು ಎಂಬ ಸಿದ್ಧಾಂತದ ನೆರಳಿನಲ್ಲಿ ಹಾಡಿದವರ ವಿವರ ಅಡಿಟಿಪ್ಪಣಿಗೆ ಇಳಿಯಿತು, ಕೆಲವೊಮ್ಮೆ ಅಲ್ಲಿಂದಲೂ ಬಿಟ್ಟುಹೋಯಿತು. ವಕ್ತೃವಿನ ವಯಸ್ಸು, ಹುಟ್ಟಿದ ತಾಂಡಾ, ಆ ತಾಂಡಾ ಅಲ್ಲಿಗೆ ಬಂದ ಬಗೆ, ಅವರ ಅಜ್ಜನ ಕಾಲದ ನಾಯಕ ಯಾರು, ದನ ಯಾವ ಗುಡ್ಡಕ್ಕೆ ಹೋಗುತ್ತಿದ್ದವು ಎಂಬ ಪ್ರಶ್ನೆಗಳು ಸಾಹಿತ್ಯದ ಪ್ರಶ್ನೆಗಳೆಂದು ತೋರಲಿಲ್ಲ. ಫಲವಾಗಿ ನೂರು ಹಾಡುಗಳ ಸಂಕಲನವೊಂದರಲ್ಲಿ ಒಂದು ತಾಂಡಾದ ಮೂವತ್ತು ವರ್ಷಗಳ ಚರಿತ್ರೆಯೂ ಸಿಗದಂತಾಗುತ್ತದೆ.

ಈ ಲೋಪ ಕಾಲದ ದೃಷ್ಟಿಯಿಂದ ತೀವ್ರವಾದುದು. 1930ರಲ್ಲಿ ಹತ್ತು ವರ್ಷದ ಮಗುವಾಗಿದ್ದವರು ಇಂದು ಬದುಕಿದ್ದರೆ ನೂರು ದಾಟಿರುತ್ತಾರೆ. ಆ ಕಾಲವನ್ನು ಕಣ್ಣಾರೆ ಕಂಡವರ ಮಾತು ಇನ್ನು ಹೊಸದಾಗಿ ಸಿಗುವುದು ಬಹುತೇಕ ಅಸಾಧ್ಯ. 1970, 80, 90ರ ದಶಕಗಳಲ್ಲಿ ತಾಂಡಾಗಳಿಗೆ ಹೋದ ಸಂಶೋಧಕರಿಗೆ ಹಾಡು ಹೇಳಿದ ಮುದುಕ ಮುದುಕಿಯರಲ್ಲಿ ಆ ಕಾಲವನ್ನು ಕಂಡವರಿದ್ದರು. ಅವರ ಧ್ವನಿ ಇದ್ದರೆ ಅದು ಹಳೆಯ ಧ್ವನಿಸುರುಳಿಗಳಲ್ಲಿ, ಕ್ಷೇತ್ರಕಾರ್ಯದ ನೋಟ್‌ಪುಸ್ತಕಗಳಲ್ಲಿ, ಗ್ರಂಥಾಲಯದ ಕಪಾಟು ಸೇರಿದ ಪ್ರಬಂಧಗಳ ಅನುಬಂಧಗಳಲ್ಲಿ ಇದೆ. ಸುರುಳಿಗೆ ಬೂಷ್ಟು ಹಿಡಿದು, ನೋಟ್‌ಪುಸ್ತಕ ರದ್ದಿಗೆ ಹೋದರೆ ಹಾಡಿನೊಂದಿಗೆ ಒಂದು ತಲೆಮಾರಿನ ಸಾಕ್ಷ್ಯವೂ ಹೋಗುತ್ತದೆ.

ಬಂಜಾರರ ಪರಂಪರೆಯಲ್ಲಿಯೇ ವಂಶಾವಳಿಯನ್ನು ಹಾಡುವ ಭಾಟ್, ಢಾಡಿಗಳೆಂಬ ಸಮುದಾಯಗಳಿವೆ. ಅವರ ಹಾಡಿಕೆಯನ್ನು ಶೈಲಿಯ ದೃಷ್ಟಿಯಿಂದ ನೋಡುವುದು ಒಂದು ಕ್ರಮ. ಯಾವ ತಲೆಮಾರಿನಲ್ಲಿ ಯಾವ ನೆಲೆ ಎಂದು ಅದನ್ನು ಭೂದಾಖಲೆಗಳೊಂದಿಗೆ ಹೊಂದಿಸಿ ನೋಡುವುದು ಇನ್ನೊಂದು ಕ್ರಮ. ತಾಂಡಾದ ಹೆಸರುಗಳೂ ಹಾಗೆಯೇ. ಅನೇಕ ತಾಂಡಾಗಳ ಹೆಸರು ಅದನ್ನು ನೆಲೆಗೊಳಿಸಿದ ನಾಯಕನ ಹೆಸರು. ಆ ನಾಯಕನಿಂದ ಇಂದಿನವರೆಗೆ ಎಷ್ಟು ತಲೆಮಾರು ಎಂದು ಎಣಿಸಿದರೆ ನೆಲೆಯ ಕಾಲದ ಅಂದಾಜು ಸಿಗುತ್ತದೆ. ಕಂದಾಯ ಗ್ರಾಮವಾಗುವಾಗ ಹೊಸ ಹೆಸರು ಬಂದರೆ ಬರಲಿ; ಆದರೆ ಹಳೆಯ ಹೆಸರು, ಅದರ ಹಿಂದಿನ ಕಥೆಯೊಡನೆ, ಎಲ್ಲಿಯಾದರೂ ದಾಖಲಾಗಬೇಕು. ಸ್ಥಳನಾಮ ಅಧ್ಯಯನದಲ್ಲಿ ದೀರ್ಘ ಪರಂಪರೆಯುಳ್ಳ ಕನ್ನಡಕ್ಕೆ ಇದು ಹೊಸ ವಿದ್ಯೆಯಲ್ಲ.

ಭಾಷೆಯ ವಿಷಯದಲ್ಲಿಯೂ ಇದೇ ಬಗೆಯ ಅದೃಶ್ಯತೆ ಇದೆ. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿಯನ್ನು ಮಾತೃಭಾಷೆಯೆಂದು ಹೇಳಿದವರು 32 ಲಕ್ಷಕ್ಕೂ ಹೆಚ್ಚು. ಆದರೆ ಜನಗಣತಿಯ ಪಟ್ಟಿಯಲ್ಲಿ ಅವರೆಲ್ಲ ಹಿಂದಿಯ ಗುಂಪಿನಲ್ಲಿ ಸೇರಿಹೋಗಿದ್ದಾರೆ. ಕನ್ನಡ ಲಿಪಿಯಲ್ಲಿ ಗೋರ್‌ಬೋಲಿಯನ್ನು ಬರೆದಿಡುವ ಕೆಲಸವನ್ನು ಕನ್ನಡ ವಿಭಾಗಗಳು ಮಾಡುತ್ತ ಬಂದಿವೆ. ಹಿರಿಯರ ಹೇಳಿಕೆಯನ್ನು ಅವರ ಭಾಷೆಯಲ್ಲಿಯೇ ಬರೆದು, ಎದುರಿಗೆ ಕನ್ನಡ ಅನುವಾದವನ್ನು ಕೊಡುವ ಪದ್ಧತಿ ಬೆಳೆದರೆ ಅದು ಭಾಷಾ ಅಧ್ಯಯನಕ್ಕೂ ಸಾಕ್ಷ್ಯದ ನಿಖರತೆಗೂ ಒದಗುತ್ತದೆ.

6

ಈ ನಿಲುವಿಗೆ ಆಕ್ಷೇಪಗಳು ಬರಬಹುದು. ಸಾಹಿತ್ಯ ವಿಭಾಗದ ಕೆಲಸ ಸಾಹಿತ್ಯದ ಅಧ್ಯಯನವೇ ಹೊರತು ಭೂವ್ಯಾಜ್ಯಗಳ ಸಾಕ್ಷಿದಾರಿಕೆಯಲ್ಲ ಎಂಬುದು ಮೊದಲನೆಯದು. ಕನ್ನಡ ಸಂಶೋಧನೆಯ ಚರಿತ್ರೆಯೇ ಇದಕ್ಕೆ ಉತ್ತರ. ಕನ್ನಡ ಸಂಶೋಧನೆ ಬೆಳೆದದ್ದು ಶಾಸನಗಳ ಓದಿನಿಂದ. ಶಾಸನಗಳಲ್ಲಿ ಬಹುಪಾಲು ಭೂದಾನದ ದಾಖಲೆಗಳು. ದಾನ ಕೊಟ್ಟವರಾರು, ಪಡೆದವರಾರು, ಎಷ್ಟು ಮತ್ತರು, ಯಾವ ಕೋಲಿನ ಅಳತೆ, ನಾಲ್ಕು ದಿಕ್ಕಿನ ಎಲ್ಲೆ ಯಾವುದು ಎಂಬುದನ್ನು ವಿದ್ವಾಂಸರು ಅಕ್ಷರ ಅಕ್ಷರವಾಗಿ ಓದಿದರು. ಪಿ.ಬಿ. ದೇಸಾಯಿಯವರು 1958ರಲ್ಲಿ ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳ ಶಾಸನಗಳನ್ನು ಸಂಪಾದಿಸಿ ಕೊಟ್ಟಾಗ ಅದು ಭೂವ್ಯವಹಾರದ ಕಾಗದವೆಂದು ಯಾರೂ ದೂರವಿಡಲಿಲ್ಲ. ಸಾವಿರ ವರ್ಷದ ಹಿಂದಿನ ಅಗ್ರಹಾರದ ಎಲ್ಲೆಗಳು ಸಂಶೋಧನೆಯ ವಸ್ತುವಾಗುವುದಾದರೆ ನೂರು ವರ್ಷದ ಹಿಂದಿನ ತಾಂಡಾದ ಎಲ್ಲೆಗಳು ಏಕೆ ಆಗಬಾರದು? ಕಲ್ಲಿನ ಮೇಲೆ ಬರೆಸುವ ಶಕ್ತಿ ಇಲ್ಲದವರ ಎಲ್ಲೆಗಳು ಮಾತಿನಲ್ಲಿ ಉಳಿದಿವೆ, ಅಷ್ಟೇ ವ್ಯತ್ಯಾಸ.

ಎರಡನೆಯ ಆಕ್ಷೇಪ ಕಾಡಿನ ಪರವಾದುದು. ಕಲಬುರಗಿಯಂಥ ಬಿಸಿಲ ಜಿಲ್ಲೆಯಲ್ಲಿ ಉಳಿದಿರುವ ಅಲ್ಪ ಕಾಡನ್ನು ಹಕ್ಕಿನ ಹೆಸರಿನಲ್ಲಿ ಹಂಚಿಬಿಟ್ಟರೆ ಮುಂದೇನು ಎಂಬ ಆತಂಕ ನಿರಾಧಾರವಲ್ಲ. ಈ ಕಾಡು ಬೇಕಾಗಿರುವವರಲ್ಲಿ ಅದರ ಅಂಚಿನಲ್ಲಿರುವ ತಾಂಡಾದವರೇ ಮೊದಲಿಗರು. ಆದರೆ ಕಾಯ್ದೆ ಕೇಳುತ್ತಿರುವುದು ಹೊಸ ಹಂಚಿಕೆಯನ್ನಲ್ಲ, ಹಳೆಯ ನೆಲೆಯ ಮಾನ್ಯತೆಯನ್ನು. ಧಾಮದ ಒಳಗಿನ ವಸತಿಗಳನ್ನು ಸ್ಥಳಾಂತರಿಸುವ ಸಂದರ್ಭದಲ್ಲಿಯೂ ಮೊದಲು ಹಕ್ಕುಗಳ ನಿರ್ಣಯವಾಗಬೇಕು, ಗ್ರಾಮಸಭೆಯ ಒಪ್ಪಿಗೆ ಇರಬೇಕು ಎಂಬುದು ಆ ಕಾಯ್ದೆಯ ಆಶಯ. ಯಾರು ಎಂದಿನಿಂದ ಅಲ್ಲಿದ್ದಾರೆಂಬುದು ಖಚಿತವಾಗಿ ಗೊತ್ತಿದ್ದರೆ ಇತ್ತೀಚಿನ ಒತ್ತುವರಿಯನ್ನೂ ಹಳೆಯ ನೆಲೆಯನ್ನೂ ಬೇರ್ಪಡಿಸಬಹುದು. ದಾಖಲೆಯ ಅಭಾವ ಕಾಡಿಗೂ ಹಿತವಲ್ಲ.

ಮೂರನೆಯ ಆಕ್ಷೇಪವೇ ಗಂಭೀರವಾದುದು. ಸಂಶೋಧಕರು ಪುರಾವೆ ಒದಗಿಸುವವರಾದರೆ ಬೇಕಾದಂತೆ ಹೇಳಿಸುವ, ಬೇಡವಾದದ್ದನ್ನು ಬಿಡುವ ಆಮಿಷ ಹುಟ್ಟುವುದಿಲ್ಲವೇ? ಹುಟ್ಟುತ್ತದೆ. ಆದ್ದರಿಂದಲೇ ಇಲ್ಲಿ ಶಾಸ್ತ್ರೀಯ ಶಿಸ್ತು ಹಾಡಿನ ಸಂಗ್ರಹಕ್ಕಿಂತ ಹೆಚ್ಚಾಗಿ ಬೇಕು. ಒಂದು ತಾಂಡಾ 1960ರ ನಂತರ ಬಂದದ್ದೆಂದು ಹಿರಿಯರು ಹೇಳಿದರೆ ಅದನ್ನು ಹಾಗೆಯೇ ಬರೆಯಬೇಕು. ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಇರುವ ವ್ಯತ್ಯಾಸವನ್ನು ಮುಚ್ಚಬಾರದು. ಕಳ್ಳಭಟ್ಟಿ, ಬಾಲ್ಯವಿವಾಹ, ಹೆಣ್ಣುಮಕ್ಕಳಿಗೆ ಭೂಮಿಯಲ್ಲಿ ಪಾಲಿಲ್ಲದಿರುವುದು ಮೊದಲಾದ ಒಳಗಿನ ಪ್ರಶ್ನೆಗಳನ್ನು ಅಸ್ಮಿತೆಯ ಹೆಸರಿನಲ್ಲಿ ಮರೆಮಾಚಬಾರದು. ಮಾತು ಕೊಟ್ಟವರ ಒಪ್ಪಿಗೆಯಿಲ್ಲದೆ ಅವರ ವಿವರ ಹೊರಬೀಳಬಾರದು. ಸಮುದಾಯದ ಪರವಾಗಿ ಬರೆಯುವುದಕ್ಕಿಂತ ಸಮುದಾಯ ನಂಬಿ ಬಳಸಬಹುದಾದಂತೆ ಬರೆಯುವುದು ಕಠಿಣವಾದ ಕೆಲಸ. ವಿಶ್ವವಿದ್ಯಾಲಯದ ಮುದ್ರೆಗೆ ಬೆಲೆ ಬರುವುದು ಆ ಕಠಿಣತೆಯಿಂದಲೇ.

7

ಹಾಗಾದರೆ ಆಗಬೇಕಾದ್ದೇನು? ದೊಡ್ಡ ಯೋಜನೆಗಳು ಬರುವವರೆಗೆ ಕಾಯದೆ ವಿಭಾಗಗಳು ತಮ್ಮ ಮಿತಿಯಲ್ಲಿಯೇ ಆರಂಭಿಸಬಹುದಾದ ಕೆಲಸಗಳಿವೆ.

ಮೊದಲನೆಯದಾಗಿ, ಈಗಾಗಲೇ ಸಲ್ಲಿಕೆಯಾಗಿರುವ ಜಾನಪದ ಹಾಗೂ ಬುಡಕಟ್ಟು ಅಧ್ಯಯನದ ಪ್ರಬಂಧಗಳ ಅನುಬಂಧಗಳನ್ನು ಮರುಓದಿ, ವಕ್ತೃಗಳ ಹೆಸರು, ವಯಸ್ಸು, ತಾಂಡಾ, ಸಂಗ್ರಹದ ವರ್ಷ ಇವುಗಳ ಸೂಚಿಯೊಂದನ್ನು ವಿಭಾಗದ ಬಳಕೆಗೆ ಸಿದ್ಧಪಡಿಸಬೇಕು. ಧ್ವನಿಸುರುಳಿಗಳನ್ನು ಡಿಜಿಟಲ್ ರೂಪಕ್ಕೆ ತರಬೇಕು. ನಿವೃತ್ತ ಅಧ್ಯಾಪಕರ ಮನೆಗಳಲ್ಲಿರುವ ನೋಟ್‌ಪುಸ್ತಕಗಳನ್ನು ಕೇಳಿ ಪಡೆಯಬೇಕು. ಎರಡನೆಯದಾಗಿ, ಇನ್ನು ಮುಂದಿನ ಕ್ಷೇತ್ರಕಾರ್ಯದಲ್ಲಿ ಪ್ರತಿ ಪಠ್ಯದೊಂದಿಗೆ ವಕ್ತೃವಿನ ಜೀವನವೃತ್ತ, ತಾಂಡಾದ ನೆಲೆಯ ಕಥನ, ಬಾವಿ, ಮರಿಯಮ್ಮನ ಗುಡಿ, ಸ್ಮಶಾನ, ದನದ ದಾರಿಗಳ ವಿವರ ಇರುವುದನ್ನು ಕಡ್ಡಾಯವಾಗಿಸಬೇಕು. ಮೂರನೆಯದಾಗಿ, ಕಲಬುರಗಿಯಂಥ ಬಹುಭಾಷಿಕ ನಗರದಲ್ಲಿ ಉರ್ದು ಬಲ್ಲ ವಿದ್ವಾಂಸರೊಂದಿಗೆ ಕೂಡಿ ನಿಜಾಮ್ ಕಾಲದ ಕಂದಾಯ ಹಾಗೂ ಅರಣ್ಯ ಕಾಗದಗಳಲ್ಲಿ ತಾಂಡಾಗಳ ಉಲ್ಲೇಖವನ್ನು ಹುಡುಕುವ ಕೆಲಸ ಆಗಬೇಕು. 1920ರಲ್ಲಿ ಪ್ರಕಟವಾದ, ನಿಜಾಮ್ ಸಂಸ್ಥಾನದ ಜಾತಿ ಬುಡಕಟ್ಟುಗಳನ್ನು ಕುರಿತ ಸಯ್ಯದ್ ಸಿರಾಜುಲ್ ಹಸನ್ ಅವರ ಗ್ರಂಥದಂಥ ಮುದ್ರಿತ ಆಕರಗಳನ್ನು ಆ ದೃಷ್ಟಿಯಿಂದ ಪುನಃ ಓದಬೇಕು. ನಾಲ್ಕನೆಯದಾಗಿ, ಸಿದ್ಧವಾದ ದಾಖಲೆಯ ಒಂದು ಪ್ರತಿ ಆಯಾ ಗ್ರಾಮಸಭೆಗೆ ತಲುಪಬೇಕು. ತಾಂಡಾದಿಂದ ತಂದ ಮಾತು ಪದವಿಯಾಗಿ ನಗರದಲ್ಲಿಯೇ ಉಳಿಯುವ ಪದ್ಧತಿ ಇನ್ನಾದರೂ ನಿಲ್ಲಬೇಕು.

ಈ ಕೆಲಸಕ್ಕೆ ಇಂದು ಅನುಕೂಲವಾದ ಒಂದು ಸಂಗತಿಯಿದೆ. ತಾಂಡಾದಲ್ಲಿ ಹುಟ್ಟಿ, ಗೋರ್‌ಬೋಲಿಯನ್ನೂ ಕನ್ನಡವನ್ನೂ ಸಮಾನವಾಗಿ ಬಲ್ಲ ವಿದ್ಯಾರ್ಥಿಗಳು, ಅಧ್ಯಾಪಕರು ಕನ್ನಡ ವಿಭಾಗಗಳಲ್ಲಿದ್ದಾರೆ. ಎರಡು ತಲೆಮಾರುಗಳ ಹಿಂದೆ ಈ ಅನುಕೂಲವಿರಲಿಲ್ಲ. ಸಾಮಾಜಿಕ ಬದಲಾವಣೆಯ ಅತ್ಯಂತ ಸ್ಪಷ್ಟ ಫಲ ಅವರೇ. ಅವರು ತಮ್ಮ ಅಜ್ಜ ಅಜ್ಜಿಯರ ಹಾಡಿನ ಲಯವನ್ನಷ್ಟೇ ವಿಶ್ಲೇಷಿಸಿ ಪದವಿ ಪಡೆದರೆ ಬದಲಾವಣೆಯ ಅರ್ಧಭಾಗ ಮಾತ್ರ ಸಾಧಿತವಾದಂತೆ. ಆ ಅಜ್ಜಿ ಯಾವ ಗುಡ್ಡದ ಮಗ್ಗುಲಲ್ಲಿ ಕುಳಿತು ಆ ಹಾಡನ್ನು ಕಲಿತಳು, ಆಗ ಅಲ್ಲಿ ಎಷ್ಟು ಮನೆಗಳಿದ್ದವು, ಬಾವಿಯನ್ನು ಯಾರು ತೋಡಿದರು ಎಂಬುದನ್ನೂ ಕೇಳಿ ಬರೆದಿಟ್ಟರೆ ಆ ಪುಟ ಸಂಶೋಧನೆಯ ಮೌಲ್ಯಮಾಪನದ ಆಚೆಗೂ ಬಾಳುತ್ತದೆ. ಕೇಳುವುದಕ್ಕೆ ಉಳಿದಿರುವ ವರ್ಷಗಳು ಮಾತ್ರ ಹೆಚ್ಚಿಲ್ಲ.